ಅಂಡಮಾನ್ ಟ್ರಂಕ್ ರಸ್ತೆ: ಜಾರವಾ ಕಾಡಿನೊಳಗೆ ಪ್ರವಾಸಿಗರಿಗೇನು ಕೆಲಸ?

ಬೆಂಗಳೂರಿನಿಂದ ಅಂಡಮಾನ್‌ಗೆ ಹೋಗುವ ಪ್ಯಾಕೇಜ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮೊದಲ ದಿನ ಸೆಲ್ಯುಲರ್ ಜೈಲು. ಆಮೇಲೆ ಹ್ಯಾವ್‌ಲಾಕ್, ನೀಲ್, ರಾಧಾನಗರ ಬೀಚ್, ದುಡ್ಡಿದ್ದವರಿಗೆ ಸ್ಕೂಬಾ. ಕೊನೆಗೆ ಒಂದು ದಿನ 'ಬಾರಾಟಾಂಗ್'. ಸುಣ್ಣಕಲ್ಲಿನ ಗುಹೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸ್ಪೀಡ್‌ಬೋಟ್, ಕೆಸರು ಜ್ವಾಲಾಮುಖಿ ಎಂದು ಅದರ ಕೆಳಗೆ ಬರೆದಿರುತ್ತಾರೆ. ಬಾರಾಟಾಂಗ್‌ಗೆ ಹೋಗುವ ದಾರಿಯ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಇದ್ದರೂ 'ದಟ್ಟ ಕಾಡಿನ ನಡುವೆ ಪ್ರಯಾಣ' ಎಂದಷ್ಟೇ.

ಆ ದಟ್ಟ ಕಾಡು ಅಂಡಮಾನ್‌ನ ಮೂಲನಿವಾಸಿಗಳಾದ ಜಾರವಾ ಜನರ ಮನೆ. 2011ರ ಜನಗಣತಿಯ ಪ್ರಕಾರ ಅವರಿದ್ದದ್ದು 380 ಮಂದಿ. ನಮ್ಮಲ್ಲಿ ಒಂದು ಸಾಧಾರಣ ಮದುವೆಗೆ ಇದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಇವರ ಕಾಡಿನೊಳಗೆ ಹಾದುಹೋಗುವ ರಸ್ತೆಯಲ್ಲಿ ವರ್ಷವಿಡೀ, ಪ್ರತಿದಿನ, ಪೊಲೀಸ್ ಕಾವಲಿನಲ್ಲಿ ಪ್ರವಾಸಿಗರ ವಾಹನಗಳು ಸಾಲುಗಟ್ಟಿ ಓಡುತ್ತವೆ. ರಸ್ತೆಯ ಆ ಭಾಗವನ್ನು ಮುಚ್ಚಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಇವತ್ತಿಗೂ ಅದು ತೆರೆದೇ ಇದೆ.

ಆ ರಸ್ತೆಯಲ್ಲಿ ನಡೆಯುವುದನ್ನು ಬಹಳ ಜನ ಪ್ರವಾಸಿಗರ ನಡತೆಯ ಪ್ರಶ್ನೆ ಎಂದುಕೊಂಡಿದ್ದಾರೆ. ಬಿಸ್ಕತ್ತು ಎಸೆಯಬಾರದು, ಫೋಟೋ ತೆಗೆಯಬಾರದು, ಅಷ್ಟು ಪಾಲಿಸಿದರೆ ಮುಗಿಯಿತು ಎಂಬ ಲೆಕ್ಕ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ನಿಯಮ ಪಾಲಿಸುವ ಸಭ್ಯ ಪ್ರವಾಸಿಗೂ ಆ ದಾರಿಯಲ್ಲಿ ಹೋಗಲು ತಕ್ಕ ಕಾರಣವಿಲ್ಲ. ಯಾಕೆ ಎಂದು ಹೇಳಬೇಕಾದರೆ ಆ ರಸ್ತೆ ಹೇಗೆ ನಡೆಯುತ್ತದೆ, ಹೇಗೆ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಜಿರ್ಕಾಟಾಂಗ್ ಗೇಟಿನಲ್ಲಿ

ಅಂಡಮಾನ್ ಟ್ರಂಕ್ ರಸ್ತೆ ಪೋರ್ಟ್ ಬ್ಲೇರ್‌ನಿಂದ ಉತ್ತರದ ಡಿಗ್ಲಿಪುರದವರೆಗೆ ಹೋಗುತ್ತದೆ. 2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು, ಆದರೆ ಮಾತಿನಲ್ಲಿ ಹಳೇ ಹೆಸರೇ ಓಡುತ್ತಿದೆ. ರಸ್ತೆಯ ಉದ್ದ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಅದರಲ್ಲಿ ಜಿರ್ಕಾಟಾಂಗ್‌ನಿಂದ ಮಿಡಲ್ ಸ್ಟ್ರೇಟ್‌ವರೆಗಿನ ಸುಮಾರು 50 ಕಿಲೋಮೀಟರ್ ಜಾರವಾ ಮೀಸಲು ಪ್ರದೇಶದೊಳಗೆ ಹಾದುಹೋಗುತ್ತದೆ.

ಇಲ್ಲಿ ಯಾರೂ ಬೇಕೆಂದಾಗ ಹೋಗುವ ಹಾಗಿಲ್ಲ. ದಿನಕ್ಕೆ ಗೊತ್ತಾದ ಕೆಲವು ಹೊತ್ತುಗಳಲ್ಲಿ ಗೇಟು ತೆರೆಯುತ್ತಾರೆ. ಬೆಳಗಿನ ಮೊದಲ ಕಾನ್‌ವಾಯ್ ಆರು ಗಂಟೆಯದ್ದು. ಅದನ್ನು ಹಿಡಿಯಬೇಕೆಂದರೆ ಹೋಟೆಲಿನಿಂದ ಬೆಳಗಿನ ಜಾವ ಮೂರು, ಮೂರೂವರೆಗೇ ಹೊರಡಬೇಕು. ಕತ್ತಲಲ್ಲೇ ಟ್ಯಾಕ್ಸಿ, ಟೆಂಪೋ ಟ್ರಾವೆಲರ್, ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಡ್ರೈವರ್‌ಗಳು ಪ್ರಯಾಣಿಕರ ಹೆಸರು ತುಂಬಿದ ಫಾರಂ, ಗುರುತಿನ ಚೀಟಿಯ ಜೆರಾಕ್ಸ್ ಹಿಡಿದು ಚೆಕ್‌ಪೋಸ್ಟ್‌ಗೆ ಓಡುತ್ತಾರೆ. ಉಳಿದವರು ಚಹಾ ಕುಡಿಯುತ್ತಾ ಕಾಯುತ್ತಾರೆ. ನಿಲ್ಲಿಸಬೇಡಿ, ಓವರ್‌ಟೇಕ್ ಮಾಡಬೇಡಿ, ಫೋಟೋ ತೆಗೆಯಬೇಡಿ, ತಿನ್ನಲು ಏನೂ ಕೊಡಬೇಡಿ, ಜಾರವಾ ಜನರನ್ನು ಮಾತಾಡಿಸಬೇಡಿ ಎಂದು ಬೋರ್ಡು ಇರುತ್ತದೆ. ಗೇಟು ತೆರೆದ ಮೇಲೆ ಪೊಲೀಸ್ ಕಾವಲಿನಲ್ಲಿ ಇಡೀ ಸಾಲು ಹೊರಡುತ್ತದೆ. ಮಿಡಲ್ ಸ್ಟ್ರೇಟ್‌ನಲ್ಲಿ ಇಳಿದು ಫೆರಿ ದಾಟಿದರೆ ಬಾರಾಟಾಂಗ್.

ಸಾಲಿನಲ್ಲಿ ನಿಂತ ಗಾಡಿಗಳಲ್ಲಿ ಏನು ಮಾತು ನಡೆಯುತ್ತದೆ? ಅಲ್ಲಿಗೆ ಹೋಗಿ ಬಂದ ಯಾರನ್ನಾದರೂ ಕೇಳಿ ನೋಡಿ. ಬಂಡೀಪುರ, ಕಬಿನಿಯಲ್ಲಿ ಹುಲಿಗೆ ಬಳಸುವ ಮಾತೇ ಅಲ್ಲೂ ಬರುತ್ತದೆ. 'ಸೈಟಿಂಗ್ ಆಗುತ್ತಾ?' 'ಎಷ್ಟು ಜನ ಕಾಣಿಸಿದರು?' 'ನಿಮಗೆ ಹೋಗುವಾಗಲಾ, ಬರುವಾಗಲಾ?' ಕೇಳುವವರು ಕೆಟ್ಟವರಲ್ಲ. ಮಕ್ಕಳನ್ನು ಕರೆದುಕೊಂಡು ಬಂದ ಸಾಮಾನ್ಯ ಸಂಸಾರಸ್ಥರು. ಆದರೆ ಗೇಟು, ಕಾವಲು, ಕಿಟಕಿ, ನಿಲ್ಲಿಸಬಾರದೆಂಬ ಕಟ್ಟಪ್ಪಣೆ, ಇವೆಲ್ಲ ಸೇರಿದಾಗ ಸಫಾರಿಯ ನೋಟ ತಾನಾಗಿ ಬಂದುಬಿಡುತ್ತದೆ. ನೋಡಬೇಡಿ ಎಂದು ಬೋರ್ಡು ಹಾಕಿದಷ್ಟೂ ನೋಡುವ ಆಸೆ ಜಾಸ್ತಿಯಾಗುತ್ತದೆ. 'ಮಾನವ ಸಫಾರಿ' ಎಂದು ಹೋರಾಟಗಾರರು ಇದನ್ನು ಕರೆದದ್ದು ಸುಮ್ನೆ ಅಲ್ಲ.

ಕಾಡಿನೊಳಗಿನ ಬದುಕು

ಜಾರವಾ ಜನ ತಮ್ಮನ್ನು ಕರೆದುಕೊಳ್ಳುವುದು ಆಂಗ್ ಎಂದು. ದಕ್ಷಿಣ ಮತ್ತು ಮಧ್ಯ ಅಂಡಮಾನ್‌ನ ಪಶ್ಚಿಮ ಕರಾವಳಿ ಅವರದ್ದು. ಮೀಸಲು ಪ್ರದೇಶದ ವಿಸ್ತಾರ 1,028 ಚದರ ಕಿಲೋಮೀಟರ್. ಗುರ್ಜನ್, ಪಡೌಕ್ ಮರಗಳು ಎತ್ತರಕ್ಕೆ ಬೆಳೆದ ನಿತ್ಯಹರಿದ್ವರ್ಣ ಕಾಡು, ಅಂಚಿಗೆ ಕಾಂಡ್ಲಾ, ಆಚೆ ಹವಳದ ದಿಬ್ಬ. ಅವರು ಸಣ್ಣ ಸಣ್ಣ ತಂಡಗಳಲ್ಲಿ ಓಡಾಡುತ್ತಾರೆ. ಬೇಟೆ ಎಂದರೆ ಮುಖ್ಯವಾಗಿ ಕಾಡುಹಂದಿ, ಉಡ. ಸಮುದ್ರದಂಚಿನಲ್ಲಿ ಮೀನು, ಚಿಪ್ಪು, ಆಮೆ. ಗಂಡಸರು ಬಿಲ್ಲು ಬಾಣದಿಂದ ಮೀನು ಹೊಡೆಯುತ್ತಾರೆ, ಹೆಂಗಸರು ಬುಟ್ಟಿಬಲೆ ಹಿಡಿದು ಹಳ್ಳಗಳಲ್ಲಿ ಇಳಿಯುತ್ತಾರೆ. ಬೇಟೆಯ ಗಂಡಸರು ಎದೆಗೆ ಮರದ ತೊಗಟೆಯ ಕವಚ ಕಟ್ಟುವುದುಂಟು.

ಅವರು ಜೇನು ಕೀಳುವುದನ್ನು ಒಮ್ಮೆ ಯೋಚಿಸಿ. ಎತ್ತರದ ಮರದಲ್ಲಿ ಹೆಜ್ಜೇನು. ಹತ್ತುವವನು ಮೊದಲು ಕಾಡಿನ ಒಂದು ಗಿಡದ ಎಲೆಯನ್ನು ಬಾಯಲ್ಲಿ ಅಗಿಯುತ್ತಾನೆ. ಆ ರಸವನ್ನು ಮೈಗೆ ಬಳಿದುಕೊಳ್ಳುತ್ತಾನೆ, ಹುಟ್ಟಿನ ಹತ್ತಿರ ಹೋದ ಮೇಲೆ ಜೇನಿನ ಮೇಲೂ ಉಗುಳುತ್ತಾನೆ. ಹುಳಗಳು ಸರಿದುಹೋಗುತ್ತವೆ. ಹುಟ್ಟು ಕುಯ್ದು, ಮರದ ತುಂಡನ್ನು ಕೊರೆದು ಮಾಡಿದ ಪಾತ್ರೆಗೆ ತುಂಬಿಸಿ ಇಳಿಸುತ್ತಾರೆ. ಯಾವ ಎಲೆ, ಎಷ್ಟು ಅಗಿಯಬೇಕು, ಯಾವ ಹೊತ್ತಿಗೆ ಹತ್ತಬೇಕು, ಇದೆಲ್ಲ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ. ಕಾಡಿನಲ್ಲಿ ಓಡಾಡಿದರೆ ಮಾತ್ರ ಮಕ್ಕಳು ಇದನ್ನು ಕಲಿಯುತ್ತಾರೆ. ಹನ್ನೆರಡು ವರ್ಷದ ಹುಡುಗನೊಬ್ಬ ಕಾನ್‌ವಾಯ್ ಬರುವ ಹೊತ್ತಿಗೆ ರಸ್ತೆಯಂಚಿಗೆ ಬಂದು ನಿಲ್ಲಲು ಕಲಿತರೆ, ಅವನು ಜೇನಿನ ಮರದ ಕೆಳಗೆ ಕಳೆಯಬೇಕಾಗಿದ್ದ ಹೊತ್ತು ಹೋಯಿತು ಎಂದೇ ಲೆಕ್ಕ. ಗಾಡಿ ಅವನನ್ನು ಮುಟ್ಟದೇ ಹೋಗಬಹುದು, ಯಾರೂ ಫೋಟೋ ತೆಗೆಯದೇ ಇರಬಹುದು. ಆದರೂ ಅವನ ಬೆಳಗ್ಗೆ ಹೋಯಿತಲ್ವಾ?

ಬಾಳೆಗೊನೆ, ತೆಂಗಿನಕಾಯಿ

ಈ ಜನ ಮೊದಲಿನಿಂದಲೂ ಹೊರಗಿನವರ ಕಡೆ ಕೈ ಚಾಚಿದವರಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಕಾಡಿಗೆ ಕಾಲಿಟ್ಟವರ ಮೇಲೆ ಬಾಣ ಬಿಟ್ಟರು. ಬ್ರಿಟಿಷರು ಅವರನ್ನು ಅಟ್ಟಲು ಪೊಲೀಸ್ ದಂಡುಗಳನ್ನು ಕಳಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಮಧ್ಯ ಅಂಡಮಾನ್‌ನಲ್ಲಿ ಕಾಡು ಕಡಿದು ಜಮೀನು ಕೊಟ್ಟರು. 1956ರಲ್ಲಿ ಮೂಲನಿವಾಸಿಗಳ ರಕ್ಷಣೆಗೆ ನಿಯಮ ಬಂತು, ಮರುವರ್ಷ ಜಾರವಾ ಮೀಸಲು ಪ್ರದೇಶ ಘೋಷಣೆಯಾಯಿತು. ಹೀಗೆ ಒಂದು ಕೈಯಲ್ಲಿ ರಕ್ಷಣೆ ಕೊಟ್ಟ ಸರ್ಕಾರವೇ ಆಮೇಲೆ ಇನ್ನೊಂದು ಕೈಯಲ್ಲಿ ಅದೇ ಕಾಡಿನೊಳಗೆ ರಸ್ತೆ ಕಡಿಯಲು ಹೊರಟಿತು. ಜಾರವಾ ಜನ ರಸ್ತೆ ಕೆಲಸದವರ ಮೇಲೆ ಬಾಣ ಬಿಟ್ಟರು, ಎಪ್ಪತ್ತರ ದಶಕದಲ್ಲಿ ಕೆಲಸ ಸ್ವಲ್ಪ ಕಾಲ ನಿಂತೂಹೋಯಿತು. ಆದರೆ ರಸ್ತೆ ಮುಗಿಯಿತು. ತಮಗೆ ಬೇಡ ಎಂದು ಅವರು ತಮ್ಮ ಭಾಷೆಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು.

ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. 1974ರಲ್ಲಿ ಸರ್ಕಾರದ ತಂಡಕ್ಕೆ ಮೊದಲ ಬಾರಿ ಜಾರವಾ ಜನರೊಂದಿಗೆ ಸ್ನೇಹದ ಸಂಪರ್ಕ ಸಿಕ್ಕಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ, ಸಾಮಾನ್ಯವಾಗಿ ಹುಣ್ಣಿಮೆಯ ಆಸುಪಾಸು, ದೋಣಿಗಳಲ್ಲಿ ಬಾಳೆಗೊನೆ, ತೆಂಗಿನಕಾಯಿ ತುಂಬಿಕೊಂಡು ಪಶ್ಚಿಮ ಕರಾವಳಿಗೆ ಹೋಗುತ್ತಿದ್ದರು. 'ಕಾಂಟ್ಯಾಕ್ಟ್ ಪಾರ್ಟಿ' ಎನ್ನುತ್ತಿದ್ದರು ಇದಕ್ಕೆ. ಮಾನವಶಾಸ್ತ್ರಜ್ಞರು, ವೈದ್ಯರ ಜೊತೆ ದೊಡ್ಡ ದೊಡ್ಡ ಅಧಿಕಾರಿಗಳು, ಅತಿಥಿಗಳೂ ಹೋಗಿ ಬಂದರು. ಫೋಟೋ ತೆಗೆಸಿಕೊಂಡರು. ಇವತ್ತು ಕಿಟಕಿಯಿಂದ ಬಾಳೆಹಣ್ಣು ಎಸೆಯುವ ಪ್ರವಾಸಿಯನ್ನು ಬೈಯುವಾಗ ಈ ಇತಿಹಾಸ ನೆನಪಿರಬೇಕು. ಹೊರಗಿನವರು ಬಂದರೆ ಏನಾದರೂ ತರುತ್ತಾರೆ ಎಂಬುದನ್ನು ಆ ಜನರಿಗೆ ಮೊದಲು ಕಲಿಸಿದ್ದು ಸರ್ಕಾರವೇ.

1996ರಲ್ಲಿ ಮಧ್ಯ ಅಂಡಮಾನ್‌ನ ಕದಂತಲಾ ಹತ್ತಿರ ಕಾಲು ಮುರಿದುಕೊಂಡಿದ್ದ ಒಬ್ಬ ಜಾರವಾ ಹುಡುಗ ಸಿಕ್ಕಿದ. ಪೋರ್ಟ್ ಬ್ಲೇರ್‌ನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಗುಣಪಡಿಸಿ ವಾಪಸು ಬಿಟ್ಟರು. 1997ರ ಅಕ್ಟೋಬರ್‌ನಲ್ಲಿ ಜಾರವಾ ಜನ ಗುಂಪಾಗಿ, ಆಯುಧವಿಲ್ಲದೆ, ಹಗಲಲ್ಲೇ ಊರ ಕಡೆ ಬರಲು ಶುರುಮಾಡಿದರು. ಹಿಂದೆ ಅವರಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಹಳ್ಳಿಗಳಲ್ಲಿ ಇದು ನಂಬಲಾಗದ ಮಾತು. ಬಾಣ ನಿಂತಿತು. ಅದರ ಜೊತೆಗೇ ರಸ್ತೆಯ ಪ್ರಯಾಣ ಪ್ರವಾಸಿಗರಿಗೆ ಸುರಕ್ಷಿತವಾಯಿತು. ಬಾರಾಟಾಂಗ್ ಪ್ಯಾಕೇಜ್‌ಗೆ ಸೇರುವಂತಾದದ್ದು ಹೀಗೆ.

ಕಾಯಿಲೆಯ ಲೆಕ್ಕ

1999ರಲ್ಲಿ ಜಾರವಾ ಜನರಲ್ಲಿ ದಡಾರ ಹಬ್ಬಿತು. 2006ರಲ್ಲಿ ಮತ್ತೆ ಬಂತು. ಚಿಕಿತ್ಸೆ ಸಿಕ್ಕಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆದರೆ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅಂಡಮಾನ್‌ನ ಚರಿತ್ರೆಯೇ ಅದಕ್ಕೆ ಸಾಕ್ಷಿ.

1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ನೆಲೆ ಹಾಕಿದಾಗ ಗ್ರೇಟ್ ಅಂಡಮಾನೀಸ್ ಎಂದು ಈಗ ಕರೆಯುವ ಹತ್ತು ಬುಡಕಟ್ಟುಗಳ ಜನ ಕೆಲವು ಸಾವಿರ ಮಂದಿ ಇದ್ದರು. ಮರುವರ್ಷವೇ ಅವರು ಬ್ರಿಟಿಷರ ಮೇಲೆ ಯುದ್ಧಕ್ಕೆ ಹೋದರು, ಸೋತರು. ಆಮೇಲೆ ಅವರನ್ನು 'ಅಂಡಮಾನ್ ಹೋಂ' ಎಂಬ ಜಾಗಗಳಲ್ಲಿ ತಂದಿಟ್ಟು 'ಪಳಗಿಸುವ' ಕೆಲಸ ನಡೆಯಿತು. ಹೊರಗಿನವರಿಂದ ಬಂದ ಸಿಫಿಲಿಸ್ ಹಬ್ಬಿತು. 1877ರಲ್ಲಿ ದಡಾರ ಬಂತು. ಜನ ಗುಂಪುಗುಂಪಾಗಿ ಸತ್ತರು. ಇವತ್ತು ಉಳಿದಿರುವುದು ಐವತ್ತರ ಆಸುಪಾಸು. 2010ರಲ್ಲಿ ಬೋವಾ ಸೀನಿಯರ್ ಎಂಬ ಅಜ್ಜಿ ತೀರಿಕೊಂಡಾಗ ಬೋ ಭಾಷೆ ಬಲ್ಲವರು ಯಾರೂ ಉಳಿಯಲಿಲ್ಲ. ಲಿಟಲ್ ಅಂಡಮಾನ್‌ನ ಓಂಗೆ ಜನರ ಕಥೆಯೂ ಹೆಚ್ಚು ಬೇರೆಯಲ್ಲ. 1901ರಲ್ಲಿ ಆರುನೂರಕ್ಕೂ ಜಾಸ್ತಿ ಇದ್ದವರು ಈಗ ನೂರರ ಆಸುಪಾಸು. 2008ರ ಡಿಸೆಂಬರ್‌ನಲ್ಲಿ ದಡಕ್ಕೆ ತೇಲಿಬಂದ ಡಬ್ಬದಲ್ಲಿದ್ದ ವಿಷದ ದ್ರವವನ್ನು ಮದ್ಯವೆಂದು ಕುಡಿದು ಅವರಲ್ಲಿ ಎಂಟು ಮಂದಿ ಸತ್ತರು. ನೂರು ಜನರ ಸಮುದಾಯದಲ್ಲಿ ಎಂಟು ಗಂಡಸರು.

ದೊಡ್ಡ ಜನಸಂಖ್ಯೆಯಲ್ಲಿ ಒಂದು ಜ್ವರ ಬಂದುಹೋಗುತ್ತದೆ. ಕೆಲವರು ಸಾಯುತ್ತಾರೆ, ಉಳಿದವರ ಮೈಯಲ್ಲಿ ಶಕ್ತಿ ಬೆಳೆಯುತ್ತದೆ, ಮುಂದಿನ ಸಲ ಅದೇ ಜ್ವರ ಅಷ್ಟು ಕಾಡುವುದಿಲ್ಲ. ನಾನೂರು ಜನರ ಗುಂಪಿಗೆ ಆ ಅವಕಾಶವೇ ಇಲ್ಲ. ಹೊರಗಿನ ಕಾಯಿಲೆಗಳ ಪರಿಚಯವಿಲ್ಲದ ಮೈಗೆ ಅದು ಎಲ್ಲ ವಯಸ್ಸಿನವರಿಗೂ ಒಟ್ಟಿಗೇ ಅಂಟಬಹುದು. ಬೇಟೆಗೆ ಹೋಗುವವರು, ಅಡುಗೆ ಮಾಡುವವರು, ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲರೂ ಒಂದೇ ವಾರ ಮಲಗಿದರೆ ನೀರು ಕೊಡುವವರೂ ಇರುವುದಿಲ್ಲ. ಅಂಡಮಾನ್‌ಗೆ ಈಗ ವರ್ಷಕ್ಕೆ ಐದು ಲಕ್ಷಕ್ಕೂ ಜಾಸ್ತಿ ಪ್ರವಾಸಿಗರು ಬರುತ್ತಾರೆ. ಎಲ್ಲರೂ ಬಾರಾಟಾಂಗ್‌ಗೆ ಹೋಗುವುದಿಲ್ಲ, ನಿಜ. ಆದರೆ ದೇಶದ ಮೂಲೆಮೂಲೆಯ ನೆಗಡಿ, ಜ್ವರ ಪ್ರತಿದಿನ ಆ ಗೇಟಿನ ಮುಂದೆ ಬಂದು ನಿಲ್ಲುತ್ತದೆ.

ಹಾಗಿದ್ದೂ ಜಾರವಾ ಜನರ ಸಂಖ್ಯೆ 2001ರ ಜನಗಣತಿಯಲ್ಲಿ 240 ಇದ್ದದ್ದು 2011ಕ್ಕೆ 380 ಆಯಿತು. ಎಣಿಕೆ ಸುಧಾರಿಸಿದ್ದೂ ಒಂದು ಕಾರಣ ಇರಬಹುದು. ಆದರೆ ಕಾಡು ಮತ್ತು ಕಡಲು ತಮ್ಮ ಕೈಯಲ್ಲಿದ್ದರೆ ಈ ಜನ ಚೆನ್ನಾಗಿಯೇ ಬದುಕುತ್ತಾರೆ ಎಂಬುದಕ್ಕೆ ಇದು ದೊಡ್ಡ ಗುರುತು. ನೆಲ ಕಳೆದುಕೊಂಡ ಗ್ರೇಟ್ ಅಂಡಮಾನೀಸ್ ಕರಗಿದರು, ನೆಲ ಉಳಿಸಿಕೊಂಡ ಜಾರವಾ ಬೆಳೆದರು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಕೋರ್ಟು ಹೇಳಿದ್ದು, ಆದದ್ದು

2002ರ ಮೇ 7ರಂದು ಸುಪ್ರೀಂ ಕೋರ್ಟ್, ತಾನೇ ನೇಮಿಸಿದ್ದ ಆಯುಕ್ತ ಶೇಖರ್ ಸಿಂಗ್ ಅವರ ವರದಿಯ ಆಧಾರದ ಮೇಲೆ, ದ್ವೀಪಗಳ ಕಾಡು ಮತ್ತು ಮೂಲನಿವಾಸಿಗಳ ರಕ್ಷಣೆಗೆ ಹಲವು ಆದೇಶ ಕೊಟ್ಟಿತು. ಜಾರವಾ ಪ್ರದೇಶದೊಳಗಿನ ಟ್ರಂಕ್ ರಸ್ತೆ ಮುಚ್ಚಬೇಕು ಎನ್ನುವುದು ಅದರಲ್ಲೊಂದು. ದ್ವೀಪದ ಆಡಳಿತ ಅದನ್ನು ಜಾರಿಗೆ ತರಲಿಲ್ಲ. ಉತ್ತರದ ಜನರಿಗೆ ಅದೇ ಜೀವನಾಡಿ ಎಂಬ ವಾದ ಮುಂದಿಟ್ಟಿತು. 2004ರಲ್ಲಿ ಜಾರವಾ ನೀತಿ ಬಂತು. ಅವರ ಬದುಕಿನಲ್ಲಿ ಆದಷ್ಟು ಕಡಿಮೆ ಕೈಹಾಕಬೇಕು ಎಂದು ಅದು ಹೇಳುತ್ತದೆ. ಕಾಗದದ ಮೇಲೆ ಒಳ್ಳೆಯ ನೀತಿಯೇ.

2012ರ ಜನವರಿಯಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಒಂದು ವಿಡಿಯೋ ಹೊರಹಾಕಿತು. ತಿನ್ನಲು ಸಿಗುತ್ತದೆ, ಕುಣಿಯಿರಿ ಎಂದು ಜಾರವಾ ಹೆಣ್ಣುಮಕ್ಕಳಿಗೆ ಹೇಳುವುದು ಅದರಲ್ಲಿತ್ತು. ದೇಶಕ್ಕೆ ನಾಚಿಕೆಯಾಯಿತು. ಕಾನೂನು ಬಿಗಿಯಾಯಿತು, ಶಿಕ್ಷೆ ಜಾಸ್ತಿಯಾಯಿತು. ಅದೇ ವರ್ಷ ಜುಲೈನಲ್ಲಿ ಮೀಸಲು ಪ್ರದೇಶದ ಸುತ್ತಲಿನ 5 ಕಿಲೋಮೀಟರ್ ಬಫರ್ ವಲಯದಲ್ಲಿ ಪ್ರವಾಸೋದ್ಯಮ ನಡೆಸಬಾರದೆಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. 2013ರ ಜನವರಿಯಲ್ಲಿ ಪ್ರವಾಸಿಗರು ಈ ರಸ್ತೆ ಬಳಸುವುದನ್ನೇ ನಿಲ್ಲಿಸಿತು. ಆರೇಳು ವಾರ ಕಾಡಿನ ರಸ್ತೆಯಲ್ಲಿ ಪ್ರವಾಸಿ ವಾಹನವಿರಲಿಲ್ಲ. ಆಡಳಿತ ಬಫರ್ ವಲಯದ ಬಗ್ಗೆ ಹೊಸ ಅಧಿಸೂಚನೆ ಹೊರಡಿಸಿದ ಮೇಲೆ ಮಾರ್ಚ್‌ನಲ್ಲಿ ತಡೆ ತೆರವಾಯಿತು. ಮತ್ತೆ ಅದೇ ಸಾಲು.

ಆ ಆರೇಳು ವಾರಗಳಲ್ಲಿ ದ್ವೀಪದ ಬದುಕು ನಿಂತುಹೋಗಲಿಲ್ಲ. ಡಿಗ್ಲಿಪುರದ ರೋಗಿ ಪೋರ್ಟ್ ಬ್ಲೇರ್‌ಗೆ ಬಂದ, ತರಕಾರಿ ಲಾರಿ ಓಡಿತು. ನಿಂತದ್ದು ಗುಹೆ ನೋಡುವ ಪ್ರವಾಸ ಮಾತ್ರ. ರಸ್ತೆ ಮುಚ್ಚಿದರೆ ಉತ್ತರ ಅಂಡಮಾನ್ ಕತೆ ಏನು ಎಂದು ಕೇಳುವವರಿಗೆ ಇದು ನೇರ ಉತ್ತರ. ಸ್ಥಳೀಯರ ಓಡಾಟ, ಪ್ರವಾಸಿಗರ ಓಡಾಟ ಎರಡನ್ನೂ ಬೇರೆ ಮಾಡಲು ಬರುತ್ತದೆ, ಒಮ್ಮೆ ಮಾಡಿಯೂ ಆಗಿದೆ.

ಸ್ಥಳೀಯರ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ. ರಂಗತ್, ಮಾಯಾಬಂದರ್, ಡಿಗ್ಲಿಪುರದಲ್ಲಿ ಇರುವವರು ಬಂಗಾಳದ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು, ರಾಂಚಿಯ ಕಡೆಯಿಂದ ಕಾಡು ಕಡಿಯಲು ಕರೆತಂದ ಆದಿವಾಸಿ ಕೂಲಿಗಳ ವಂಶದವರು, ಬರ್ಮಾದಿಂದ ಬಂದ ಕರೆನ್ ಜನ. ಯಾರೂ ತಾವಾಗಿ ಜಾರವಾ ನೆಲ ಹುಡುಕಿಕೊಂಡು ಬಂದವರಲ್ಲ, ಸರ್ಕಾರ ತಂದು ಕೂರಿಸಿದವರು. ಹೆರಿಗೆ ನೋವು ಬಂದಾಗ ಹಡಗಿಗೆ ಕಾಯಿರಿ ಎಂದು ಇವರಿಗೆ ಹೇಳುವುದು ಸರಿಯಲ್ಲ. ಬಾರಾಟಾಂಗ್‌ನ ಬೋಟಿನವರು, ಹೋಟೆಲಿನವರು, ಗೈಡ್‌ಗಳ ಹೊಟ್ಟೆಪಾಡೂ ಇದೆ. ಅವರಿಗೆ ಪ್ರವಾಸಿ ಬೇಕು. ಪ್ರವಾಸಿ ಸಮುದ್ರದ ದಾರಿಯಲ್ಲಿ ಬಂದರೂ ಬೋಟು ಓಡುತ್ತದೆ, ಊಟ ಖರ್ಚಾಗುತ್ತದೆ. ಬಾರಾಟಾಂಗ್‌ಗೆ ಸಮುದ್ರದ ದಾರಿ ಮಾಡಿಕೊಡುವುದಾಗಿ ಆಡಳಿತವೂ ಒಪ್ಪಿದ್ದೇ. ಆದರೆ ಹಡಗು ಕಡಿಮೆ, ಹೊತ್ತು ಜಾಸ್ತಿ, ಗಾಳಿ ಎದ್ದರೆ ಭರವಸೆಯಿಲ್ಲ. ಪಕ್ಕದಲ್ಲೇ ಅಗ್ಗದ ರಸ್ತೆ ತೆರೆದಿರುವಾಗ ಯಾರು ಹಡಗು ಹತ್ತುತ್ತಾರೆ? ರಸ್ತೆ ಪ್ರವಾಸಿಗರಿಗೆ ಮುಚ್ಚದೆ ಹಡಗು ಓಡುವುದಿಲ್ಲ, ಹಡಗು ಓಡುವುದಿಲ್ಲ ಎಂಬ ಕಾರಣಕ್ಕೆ ರಸ್ತೆ ಮುಚ್ಚುವುದಿಲ್ಲ. ವರ್ಷಗಳಿಂದ ಈ ಗಂಟು ಬಿಚ್ಚಿಲ್ಲ. ಇದರ ನಡುವೆ ರಸ್ತೆ ಅಗಲವಾಗುತ್ತಿದೆ, ಬಾರಾಟಾಂಗ್ ಆಚೆ, ಹಿಂದೆ ಫೆರಿಯಲ್ಲೇ ದಾಟಬೇಕಿದ್ದ ಹಂಫ್ರೀ ಜಲಸಂಧಿಗೆ ದೊಡ್ಡ ಸೇತುವೆಯೂ ಬಂದಿದೆ. ದುಡ್ಡು ಎತ್ತ ಹರಿಯುತ್ತಿದೆ ಎಂದು ನೋಡಿದರೆ ಆಡಳಿತದ ಮನಸ್ಸು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಕರೆದ ಮನೆ, ಕರೆಯದ ಮನೆ

ಮಳೆಕಾಡಿನ ಮೂಲನಿವಾಸಿಗಳಿರುವ ಕಡೆಗೆ ಯಾರೂ ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ. ಎಕ್ವಡಾರ್‌ನ ಅಮೆಜಾನ್ ಕಾಡಿನಲ್ಲಿ ಅಚುವಾರ್ ಜನರ ನೆಲದಲ್ಲಿ ಕಪಾವಿ ಎಂಬ ವಸತಿಗೃಹ ಇದೆ. ತೊಂಬತ್ತರ ದಶಕದಲ್ಲಿ ಒಂದು ಖಾಸಗಿ ಕಂಪನಿ ಅಚುವಾರ್ ಸಂಘಟನೆಯ ಜೊತೆ ಒಪ್ಪಂದ ಮಾಡಿಕೊಂಡು, ಬಾಡಿಗೆ ಕೊಟ್ಟು, ಅದನ್ನು ಕಟ್ಟಿತು. 2008ರಲ್ಲಿ ಅದು ಪೂರ್ತಿಯಾಗಿ ಅಚುವಾರ್ ಜನರ ಕೈಗೆ ಬಂತು. ಬ್ರೆಜಿಲ್‌ನಲ್ಲಿ ಯಾನೊಮಾಮಿ ಜನ ಯಾರಿಪೋ ಎಂದು ಕರೆಯುವ, ಆ ದೇಶದ ಅತಿ ಎತ್ತರದ ಬೆಟ್ಟ ಇದೆ. ಚಾರಣಿಗರ ಹಾವಳಿ ಮಿತಿಮೀರಿದ್ದರಿಂದ 2003ರಲ್ಲಿ ಅದನ್ನು ಮುಚ್ಚಿದರು. ವರ್ಷಗಟ್ಟಲೆ ಚರ್ಚೆ ನಡೆದು, ಯಾನೊಮಾಮಿ ಜನರೇ ನಡೆಸುವ ಚಾರಣವಾಗಿ 2022ರಲ್ಲಿ ಮತ್ತೆ ತೆರೆಯಿತು. ಎಷ್ಟು ಜನ, ಯಾವಾಗ, ಎಲ್ಲಿವರೆಗೆ ಎನ್ನುವುದರಲ್ಲಿ ಅಲ್ಲಿನವರ ಮಾತು ನಡೆಯುತ್ತದೆ. ದುಡ್ಡು ಅವರಿಗೆ ಸೇರುತ್ತದೆ. ಬೇಡ ಎನಿಸಿದರೆ ನಿಲ್ಲಿಸಬಹುದು.

ಟ್ರಂಕ್ ರಸ್ತೆಯಲ್ಲಿ ಇದ್ಯಾವುದೂ ಇಲ್ಲ. ಜಾರವಾ ಜನ ಯಾರನ್ನೂ ಕರೆದಿಲ್ಲ. ಪ್ಯಾಕೇಜ್‌ನ ದುಡ್ಡಿನಲ್ಲಿ ಅವರಿಗೆ ಒಂದು ಪೈಸೆಯ ಪಾಲಿಲ್ಲ. ಸಾಕು ಎನ್ನಲು ಅವರ ಬಳಿ ಗೇಟಿನ ಕೀಲಿ ಇಲ್ಲ. ನಾಳೆ ಅವರಿಂದಲೇ ಅತಿಥಿಸತ್ಕಾರ ಮಾಡಿಸಿದರಾಯಿತು ಎಂದು ಹೇಳುವವರೂ ಇದ್ದಾರೆ. ಕಾಯಿಲೆಯ ಲೆಕ್ಕ ಮೇಲೆ ಹೇಳಿದ್ದೇನೆ. ಅಚುವಾರ್, ಯಾನೊಮಾಮಿ ಜನ ದಶಕಗಳ ಕಾಲ ಹೊರಜಗತ್ತಿನ ಜೊತೆ ವ್ಯವಹರಿಸಿ, ತಮ್ಮದೇ ಸಂಘಟನೆ ಕಟ್ಟಿಕೊಂಡು, ವಕೀಲರ ಜೊತೆ ಕೂತು ಕರಾರು ಓದುವ ಮಟ್ಟಕ್ಕೆ ಬಂದ ಮೇಲೆ ಇಟ್ಟ ಹೆಜ್ಜೆ ಅದು. ಅವರ ಪರವಾಗಿ ನಾವು ಆ ಹೆಜ್ಜೆ ಇಡಲು ಬರುವುದಿಲ್ಲ.

ಹಾಗಂತ ಜಾರವಾ ಜನ ಕಾಲದಲ್ಲಿ ಹೆಪ್ಪುಗಟ್ಟಿ ನಿಂತಿದ್ದಾರೆ ಎಂದೂ ತಿಳಿಯಬಾರದು. ಅವರಲ್ಲಿ ಹಿಂದಿ ಮಾತಾಡುವ ಯುವಕರಿದ್ದಾರೆ. ಅಂಗಿ, ಚಡ್ಡಿ ಹಾಕುವವರಿದ್ದಾರೆ. ಆಸ್ಪತ್ರೆ ಬೇಕೆಂದಾಗ ಬರುತ್ತಾರೆ. 2025ರ ಜನವರಿಯಲ್ಲಿ 19 ಮಂದಿ ಜಾರವಾ ಜನರಿಗೆ ಮತದಾರರ ಗುರುತಿನ ಚೀಟಿ ಕೊಟ್ಟರು. ಇದನ್ನು ಹೊಗಳಿದವರೂ ಇದ್ದಾರೆ. ಚುನಾವಣೆ ಎಂದರೇನೆಂದು ಅವರಿಗೆ ಹೇಗೆ ತಿಳಿಸಿದಿರಿ ಎಂದು ಕೇಳಬೇಕಾದ್ದೂ ಇದೆ. ನನಗೆ ಕಾಣುವುದು ಇಷ್ಟು: ಹೊರಗಿನ ಯಾವುದನ್ನು ತಗೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆಂಗ್ ಜನ ನಿಧಾನಕ್ಕೆ, ತಮ್ಮ ಲೆಕ್ಕದಲ್ಲಿ ತೀರ್ಮಾನ ಮಾಡಬೇಕಾದರೆ ಅದಕ್ಕೆ ಕಾಲಾವಕಾಶ ಬೇಕು, ನೆಮ್ಮದಿ ಬೇಕು. ದಿನಕ್ಕೆ ಹಲವು ಬಾರಿ ಅಂಗಳದಲ್ಲಿ ಬಸ್ಸುಗಳ ಸಾಲು ಓಡುತ್ತಿದ್ದರೆ ಆ ನೆಮ್ಮದಿ ಸಿಗುವುದಿಲ್ಲ. ರಸ್ತೆಯ ದಾರಿಯಲ್ಲೇ ಹೊಗೆಸೊಪ್ಪು, ಮದ್ಯ ಒಳಗೆ ಹೋಗಿದೆ. ಅವರು ತಿನ್ನುವ ಕಾಡುಹಂದಿ, ಏಡಿಗಳನ್ನು ಕಳ್ಳಬೇಟೆಗಾರರು ಹೊರಗೆ ಸಾಗಿಸುತ್ತಾರೆ. ಇದೆಲ್ಲ ಪ್ರವಾಸಿ ಮಾಡಿದ್ದಲ್ಲ. ಆದರೆ ಓಡಾಟ ಜಾಸ್ತಿ ಇದ್ದಷ್ಟೂ ಕಾವಲು ಕಷ್ಟ.

ಇನ್ನೊಂದು ಹೊಸ ಒತ್ತಡ ಮೊಬೈಲಿನದ್ದು. 2025ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಒಬ್ಬ ಯುವಕ ರಬ್ಬರ್ ದೋಣಿಯಲ್ಲಿ ಉತ್ತರ ಸೆಂಟಿನೆಲ್ ದ್ವೀಪದ ದಡ ಮುಟ್ಟಿ, ಒಂದು ಕೋಲಾ ಡಬ್ಬ, ತೆಂಗಿನಕಾಯಿ ಇಟ್ಟು, ವಿಡಿಯೋ ಮಾಡಿಕೊಂಡು ಬಂದು ಸಿಕ್ಕಿಬಿದ್ದ. ಯಾರ ಸಂಪರ್ಕವೂ ಬೇಡ ಎಂದು ಬಾಣದ ಮೂಲಕ ಹೇಳುತ್ತಲೇ ಬಂದ ಸೆಂಟಿನೆಲೀಸ್ ಜನರ ದ್ವೀಪ ಅದು. 2018ರಲ್ಲಿ ಒಬ್ಬ ಧರ್ಮಪ್ರಚಾರಕ ಅಲ್ಲೇ ಪ್ರಾಣ ಕಳೆದುಕೊಂಡಿದ್ದ. ಆದರೂ ಯಾರೂ ನೋಡದ್ದನ್ನು ತೋರಿಸುವ ಆಸೆ ಕಡಿಮೆಯಾಗಿಲ್ಲ. ಟ್ರಂಕ್ ರಸ್ತೆಯ ವ್ಲಾಗ್‌ಗಳಲ್ಲಿ 'ಜಾರವಾ' ಎಂಬ ಹೆಸರೇ ಥಂಬ್‌ನೇಲ್ ಆಗುತ್ತದೆ. ಒಳಗೆ ಅವರ ಒಂದು ಫೋಟೋವೂ ಇರುವುದಿಲ್ಲ, ಕಾನೂನು ಮುರಿದಿರುವುದಿಲ್ಲ. ಆದರೆ ಅದನ್ನು ನೋಡಿದ ಸಾವಿರಾರು ಮಂದಿ ಮುಂದಿನ ರಜೆಗೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಕನ್ನಡದಲ್ಲೂ ಪ್ರವಾಸದ ವಿಡಿಯೋ ಮಾಡುವವರು ಬಹಳ ಇದ್ದಾರೆ. ಈ ಒಂದು ಹೆಸರನ್ನು ಥಂಬ್‌ನೇಲ್‌ನಿಂದ ಬಿಟ್ಟುಬಿಡಿ ಎಂದು ಅವರನ್ನು ಕೇಳಿಕೊಳ್ಳಬೇಕೆನಿಸುತ್ತದೆ.

ದಕ್ಷಿಣದ ತುದಿಯಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಎದ್ದಿದೆ. ಗ್ರೇಟ್ ನಿಕೋಬಾರ್‌ನ ಮಳೆಕಾಡಿನಲ್ಲಿ ಶಾಂಪೆನ್ ಜನರಿದ್ದಾರೆ, 2011ರ ಲೆಕ್ಕದಲ್ಲಿ 229 ಮಂದಿ. ಅಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ ಕಟ್ಟಲು ಸುಮಾರು 130 ಚದರ ಕಿಲೋಮೀಟರ್ ಕಾಡು ಬಳಸುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಈಗ ಎಂಟು ಸಾವಿರದಷ್ಟು ಜನರಿರುವ ದ್ವೀಪಕ್ಕೆ ಮುಂದೆ ಮೂರು ಲಕ್ಷಕ್ಕೂ ಜಾಸ್ತಿ ಜನ ಬರುವ ಅಂದಾಜು ಆ ಯೋಜನೆಯಲ್ಲೇ ಇದೆ. ಪ್ರವಾಸೋದ್ಯಮವೂ ಅದರ ಒಂದು ಭಾಗ. ಮೊದಲು ಒಪ್ಪಿಗೆ ಕೊಟ್ಟಿದ್ದ ಅಲ್ಲಿನ ಬುಡಕಟ್ಟು ಮಂಡಳಿ ಅದೇ ವರ್ಷ ಅದನ್ನು ವಾಪಸು ಪಡೆಯಿತು. ಒಂದು ರಸ್ತೆ ಜಾರವಾ ಕಾಡಿಗೆ ಏನು ಮಾಡಿತು ಎಂಬುದು ಕಣ್ಣ ಮುಂದೆ ಇರುವಾಗ, ಆ ಅನುಭವದಿಂದ ಏನನ್ನೂ ಕಲಿಯದೆ ಅದರ ಹತ್ತು ಪಟ್ಟು ಕೆಲಸಕ್ಕೆ ಕೈಹಾಕಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಅಂಡಮಾನ್‌ಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹ್ಯಾವ್‌ಲಾಕ್, ನೀಲ್, ಚಿಡಿಯಾ ಟಾಪು, ವಂಡೂರಿನ ಕಡಲ ರಾಷ್ಟ್ರೀಯ ಉದ್ಯಾನ, ಯಾವುದಕ್ಕೂ ಜಾರವಾ ಕಾಡು ದಾಟಬೇಕಿಲ್ಲ. ಬುಕ್ ಮಾಡುವಾಗ ಏಜೆಂಟರಿಗೆ ಬಾರಾಟಾಂಗ್ ದಿನ ತೆಗೆಯಿರಿ ಎಂದು ಹೇಳಿ, ಯಾಕೆ ಎಂದೂ ಹೇಳಿ. 'ಎಲ್ಲರೂ ಹೋಗ್ತಾರೆ ಸಾರ್, ಪರ್ಮಿಷನ್ ಇದೆ' ಎನ್ನುತ್ತಾರೆ. ಪರ್ಮಿಷನ್ ಕೊಟ್ಟಿರುವುದು ಆಡಳಿತ, ಅಲ್ಲಿ ವಾಸಿಸುವವರಲ್ಲ ಎಂದು ಉತ್ತರಿಸಿ. ಡಿಗ್ಲಿಪುರದ ರಾಸ್ ಅಂಡ್ ಸ್ಮಿತ್ ದ್ವೀಪವನ್ನು ನೋಡಲೇಬೇಕು ಎಂದಿದ್ದರೆ ಪೋರ್ಟ್ ಬ್ಲೇರ್‌ನಿಂದ ಉತ್ತರಕ್ಕೆ ಸರ್ಕಾರಿ ಹಡಗುಗಳಿವೆ. ಟಿಕೆಟ್ ಸಿಗುವುದು ಕಷ್ಟ, ಒಂದು ದಿನ ಜಾಸ್ತಿ ಬೇಕು, ಹೊಟ್ಟೆ ತೊಳಸಿದಂತೆ ಆಗಬಹುದು. ಟಿಕೆಟ್ ಸಿಗದಿದ್ದರೆ ಹಡಗು ಓಡಿಸುವ ಸರ್ಕಾರಿ ಇಲಾಖೆಗೆ ದೂರು ಬರೆಯಿರಿ. ಈ ದಾರಿಗೆ ಬೇಡಿಕೆ ಇದೆ ಎಂದು ಅವರಿಗೆ ಗೊತ್ತಾದರೆ ಮಾತ್ರ ಇನ್ನೊಂದು ಹಡಗು ಬರುತ್ತದೆ.